ರಾಜೇಸಾಬನ ಮುಂದಿನ ಬೆಂಚು

ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರನ್ನು ಕಂಪನಿಯವರು ಹುಬ್ಬಳ್ಳಿಗೆ ಕರೆಸಿ ತರಬೇತಿ ಕೊಡುತ್ತಾರೆ. ಫೋನಿನ ಬಗ್ಗೆ ಹೇಳುತ್ತಾರೆ, ಪ್ಲಾನಿನ ಬಗ್ಗೆ ಹೇಳುತ್ತಾರೆ, ಗಿರಾಕಿಯ ಮುಂದೆ ಹೇಗೆ ನಗಬೇಕು ಎಂಬುದನ್ನೂ ಹೇಳುತ್ತಾರೆ. ಪಕ್ಕದ ಟೇಬಲ್ಲಿನವನ ಮುಂದೆ ಜನ ಕಿಕ್ಕಿರಿದು, ನಿಮ್ಮ ಟೇಬಲ್ಲಿನ ಮುಂದೆ ನೊಣ ಕೂತಿದ್ದರೆ ಏನು ಮಾಡಬೇಕು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನನಗೂ ಹೇಳಿರಲಿಲ್ಲ. ನವಲಗುಂದದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮೊಬೈಲ್ ಅಂಗಡಿಯಲ್ಲಿ ತಲೆ ಬೆಳ್ಳಗಾಗುವವರೆಗೆ ಕೂತು ಈಗ ಮನೆ ಸೇರಿರುವ ನಾನು ಅದನ್ನಷ್ಟೇ ಬರೆಯುತ್ತೇನೆ. ಉಳಿದದ್ದನ್ನು ಕಂಪನಿಯವರು ಕಲಿಸಿಯಾರು.

ನನ್ನ ಹೆಸರು ಗುರುಪಾದಪ್ಪ. ಮೊದಲು ನನ್ನದೇ ಒಂದು ಎಸ್‌ಟಿಡಿ ಬೂತ್ ಇತ್ತು. ಅದರ ಗಾಜಿನ ಪೆಟ್ಟಿಗೆಯೊಳಗೆ ನಿಂತು ಜನ ಅತ್ತರು, ನಕ್ಕರು, ಮದುವೆಯ ಮಾತು ಮುಗಿಸಿದರು. ಮೊಬೈಲ್ ಬಂದ ಮೇಲೆ ಆ ಪೆಟ್ಟಿಗೆಯಲ್ಲಿ ನಾನು ಕೊಡೆ, ಕಸಬರಿಗೆ ಇಟ್ಟುಕೊಳ್ಳುವಂತಾಯಿತು. ಆಗ ಶಂಕ್ರಪ್ಪ ಸಾವಕಾರರು ಹೇಳಿ ಕಳಿಸಿದರು. ಅವರದು ವಾಚು, ರೇಡಿಯೋ ಮಾರುವ ಅಂಗಡಿ. ಅದನ್ನೇ ಮೊಬೈಲ್ ಅಂಗಡಿ ಮಾಡುವವರಿದ್ದರು. ಊರಲ್ಲಿ ಫೋನಿನ ದಂಧೆ ಬಲ್ಲವನು ನೀನೊಬ್ಬನೇ ಅಂದರು. ಆ ಮಾತಿಗೆ ನಾನು ಉಬ್ಬಿಹೋದೆ. ಬೂತಿನ ಬಾಗಿಲು ಎಳೆದು ಮರುದಿನವೇ ಅಲ್ಲಿ ಹೋಗಿ ಕೂತೆ.

ಕೆಲವು ತಿಂಗಳಿಗೆ ಇನ್ನೊಂದು ಟೇಬಲ್ ಬಂತು, ಅದರ ಹಿಂದೆ ರಾಜೇಸಾಬ ಬಂದ. ಜಮಖಾನೆ ನೇಯುವ ಮನೆತನದವನು. ತಾಯಿ, ಅಕ್ಕ ಮಗ್ಗದ ಮುಂದೆ ಕೂತರೆ ಇವನು ಜಮಖಾನೆಗಳ ಗಂಟು ಹೊತ್ತು ಊರೂರು ತಿರುಗಿ ಮಾರುತ್ತಿದ್ದ. ನನಗಿಂತ ಚಿಕ್ಕವನು, ತೆಳ್ಳಗಿನ ಆಳು, ದನಿ ಎತ್ತಿ ಮಾತಾಡಿದವನಲ್ಲ. ಪ್ಲಾನು ಅಂದರೇನೆಂದು ಅವನಿಗೆ ಗೊತ್ತಿರಲಿಲ್ಲ. ಕಲಿಸಿದವನು ನಾನು. ಇದನ್ನು ಅವನು ಎಲ್ಲರ ಮುಂದೆ ತಾನಾಗಿ ಹೇಳುತ್ತಿದ್ದ, ಆದರೂ ನನಗೆ ಸಾಲದೆ ನಾನೂ ಒಂದು ಸಲ ಹೇಳುತ್ತಿದ್ದೆ.

ಆಗಿನ ಪ್ಲಾನುಗಳೆಂದರೆ ಈಗಿನಂತೆ ಸರಳವಲ್ಲ. ಕಾರ್ಡು ಕೆರೆದು ನಂಬರ್ ಒತ್ತುವ ಕಾಲ. ಮಾತಿಗೆ ಬೇರೆ ಕಾರ್ಡು, ದಿನ ಮುಂದೂಡಲು ಬೇರೆ, ದರ ಇಳಿಸಲು ಇನ್ನೊಂದು, ಮೆಸೇಜಿಗೆ ಮತ್ತೊಂದು. ಯಾವ ಕಂಪನಿಯಿಂದ ಯಾವ ಕಂಪನಿಗೆ ಫೋನ್ ಮಾಡಿದರೆ ಎಷ್ಟು ಬೀಳುತ್ತದೆ ಎಂಬುದೆಲ್ಲ ನನಗೆ ಬಾಯಿಪಾಠ. ಗಿರಾಕಿ ಹೊಸಿಲು ದಾಟುವ ಮೊದಲೇ ಅವನಿಗೆ ಯಾವ ಪ್ಲಾನು ಸರಿ ಎಂದು ಹೇಳಬಲ್ಲೆ ಎಂಬ ಧಿಮಾಕು ನನಗಿತ್ತು, ಹೇಳುತ್ತಲೂ ಇದ್ದೆ. ಜನ ತಲೆಯಾಡಿಸಿ ಕೇಳುತ್ತಿದ್ದರು. ಕೇಳಿ ಮುಗಿದ ಮೇಲೆ, ಇರಲಿ, ರಾಜೇಸಾಬರನ್ನೂ ಒಂದು ಮಾತು ಕೇಳುತ್ತೇವೆ ಎಂದು ಎದ್ದು ಅವನ ಮುಂದಿನ ಬೆಂಚಿನ ಮೇಲೆ ಹೋಗಿ ಕೂರುತ್ತಿದ್ದರು.

ಬೆಂಚು ಇದ್ದದ್ದು ಒಂದೇ. ಸಾವಕಾರರು ಅದನ್ನು ಎರಡೂ ಟೇಬಲ್ಲಿಗೆ ಸೇರಲಿ ಎಂದು ನಡುವೆ ಹಾಕಿಸಿದ್ದರು. ಮಧ್ಯಾಹ್ನದ ಹೊತ್ತಿಗೆ ಅದು ಜನರ ಭಾರಕ್ಕೆ ಜರುಗಿ ಜರುಗಿ ರಾಜೇಸಾಬನ ಕಡೆ ಹೋಗಿರುತ್ತಿತ್ತು. ಬೆಳಿಗ್ಗೆ ಬಂದವನೇ ನಾನು ಅದನ್ನು ಎಳೆದು ಸರಿಮಾಡುತ್ತಿದ್ದೆ. ಯಾರಾದರೂ ಒಬ್ಬರು, ಒಬ್ಬರೇ ಒಬ್ಬರು, ಅಂಗಡಿಗೆ ಬಂದು "ಗುರಪಾದಣ್ಣಾರು ಅದಾರೇನ್ರಿ" ಎಂದು ಕೇಳಬೇಕು, ರಾಜೇಸಾಬ ಖಾಲಿ ಕೂತಿದ್ದರೂ ನನಗಾಗಿ ಕಾಯಬೇಕು. ನನ್ನ ಆಸೆ ಇಷ್ಟೇ ಇತ್ತು. ದೊಡ್ಡ ಆಸೆ ಅಂತ ನನಗೆ ಈಗಲೂ ಅನಿಸುವುದಿಲ್ಲ.

ಬೀರಪ್ಪನ ವಿಷಯ ಹೇಳುತ್ತೇನೆ. ಯಮನೂರಿನ ಕಡೆಯ ಕುರಿಗಾರ. ಮೊದಲ ಸಲ ಫೋನು ಕೊಳ್ಳಲು ಬಂದವನು ನನ್ನ ಟೇಬಲ್ಲಿಗೇ ಬಂದ, ಯಾಕೆಂದರೆ ಅವತ್ತು ರಾಜೇಸಾಬ ರಜೆ. ಯಾವ ಊರು ಅಂದೆ, ಯಮನೂರು ಅಂದ. ಯಮನೂರಲ್ಲಿ ಯಾವ ಕಂಪನಿಯ ಸಿಗ್ನಲ್ ಚೆನ್ನಾಗಿ ಸಿಗುತ್ತದೆಂದು ನನಗೆ ಗೊತ್ತಿತ್ತು. ಆ ಸಿಮ್ ಹಾಕಿದೆ. ಅಳಿಯನ ಹತ್ತಿರ ಟಚ್ ಫೋನಿದೆ ಅಂದದ್ದಕ್ಕೆ ಅಂಥದೇ ಒಂದನ್ನು ಕೊಟ್ಟು, ಒಳ್ಳೆಯ ಪ್ಲಾನ್ ಹಾಕಿ ಕಳಿಸಿದೆ. ನಾನು ಮಾಡಿದ್ದರಲ್ಲಿ ತಪ್ಪು ಹುಡುಕಲು ಯಾರಿಗೂ ಆಗದು.

ಆದರೆ ಬೀರಪ್ಪ ಯಮನೂರಿನಲ್ಲಿ ಇರುತ್ತಿದ್ದುದೇ ವರ್ಷದಲ್ಲಿ ಸ್ವಲ್ಪ ದಿನ. ಉಳಿದ ಕಾಲವೆಲ್ಲ ಕುರಿ ಹೊಡೆದುಕೊಂಡು ಅಣ್ಣಿಗೇರಿ, ಗದಗದ ಕಡೆಯ ಕರಿಮಣ್ಣಿನ ಹೊಲಗಳಲ್ಲಿ. ಪೀಕು ಕಿತ್ತ ಮೇಲೆ ಹೊಲದವರು ಗೊಬ್ಬರಕ್ಕಾಗಿ ತಮ್ಮ ಹೊಲದಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಿಕೊಳ್ಳುತ್ತಾರೆ, ಅದಕ್ಕೆ ಕುರಿಗಾರನಿಗೆ ಕಾಳುಕಡಿ ಕೊಡುತ್ತಾರೆ. ಯಾರ ಹೊಲ, ಯಾವತ್ತು ಎಂಬುದೆಲ್ಲ ಈಗ ಫೋನಿನಲ್ಲೇ ನಿಗದಿಯಾಗುವುದು. ಬೀರಪ್ಪ ಫೋನು ಹಿಡಿದು ಬಯಲಲ್ಲಿ ನಿಂತರೆ ಸಿಗ್ನಲ್ ಇಲ್ಲ, ಸಿಕ್ಕ ಕಡೆ ಚಾರ್ಜ್ ಇಲ್ಲ. ಕರೆಯಬೇಕಾದ ಹೊಲದವರು ಬೇರೆ ಕುರಿಗಾರನನ್ನು ಕರೆದರು. ಅವನು ವಾಪಸು ಬಂದಾಗ ನಾನು ಖಾಲಿ ಕೂತಿದ್ದೆ, ರಾಜೇಸಾಬನ ಮುಂದೆ ಮೂವರಿದ್ದರು. ಬೀರಪ್ಪ ನನ್ನ ಮುಖವನ್ನೂ ನೋಡದೆ ಆ ಮೂವರ ಹಿಂದೆ ಹೋಗಿ ಕೂತ.

ರಾಜೇಸಾಬ ಊರು ಯಾವುದು ಅಂತ ಕೇಳಲೇ ಇಲ್ಲ. "ಕಾಕಾ, ಮಾತಾಡೂಮುಂದ ಎಲ್ಲಿ ನಿಂತಿರತೀರಿ?" ಅಂದ. ಅಷ್ಟಕ್ಕೆ ಬೀರಪ್ಪನ ಬಾಯಿ ಬಿಚ್ಚಿತು. ಯಾವ ಹಳ್ಳ, ಯಾವ ಬನ್ನಿ ಗಿಡ, ಯಾವ ಹೊಲದ ಬದು ಎಂದು ಅವನು ಹೇಳುತ್ತ ಹೋದ, ಇವನು ಹೂಂ ಅನ್ನುತ್ತ ಹೋದ. ನಾನು ಕಿವಿ ನಿಮಿರಿಸಿ ಕೂತಿದ್ದೆ. ಕೊನೆಗೆ ರಾಜೇಸಾಬ ಟೇಬಲ್ಲಿನ ಕೆಳಗಿಂದ ಎರಡು ಸಿಮ್ಮಿನ ಒಂದು ಹಳೆಯ ಬಟನ್ ಫೋನು ತೆಗೆದು, ಇದನ್ನು ಒಯ್ದು ಕುರಿ ನಿಲ್ಲುವ ಜಾಗದಿಂದೆಲ್ಲ ನನಗೆ ಫೋನ್ ಮಾಡಿರಿ, ಯಾವ ಸಿಮ್ಮಿನಿಂದ ದನಿ ಬರುತ್ತದೋ ನೋಡೋಣ, ಆಮೇಲೆ ಕೊಳ್ಳುವಿರಂತೆ ಎಂದು ಕೊಟ್ಟು ಕಳಿಸಿದ. ಇದು ಅವನ ಪದ್ಧತಿ. ಆ ಹಳೆಯ ಫೋನು ತಾಲೂಕಿನ ಹೊಲಗಳೆಲ್ಲ ತಿರುಗಿದೆ. ಗಿರಾಕಿಗೆ ಏನನ್ನೂ ಮಾರದೆ ಮನೆಗೆ ಕಳಿಸುವುದು ದಂಧೆಯೇ ಅಲ್ಲ ಎಂದು ನಾನು ಸಾವಕಾರರ ಕಿವಿಯಲ್ಲಿ ಊದಿದೆ. ಅವರು ನಕ್ಕರು.

ಬೀರಪ್ಪ ತಿರುಗಿ ಬಂದ. ಬೇರೆ ಕಂಪನಿಯ ಸಿಮ್ಮು, ವಾರವಾದರೂ ಚಾರ್ಜ್ ಇಳಿಯದ ಬಟನ್ ಫೋನು, ಮಾತಿಗಷ್ಟೇ ಪ್ಲಾನು ತೆಗೆದುಕೊಂಡು ಹೋದ. ಚಳಿಗಾಲದ ಮೊದಲಿಗೆ ಮತ್ತೆ ಬಂದ, ಬಗಲಲ್ಲಿ ಒಂದು ಕರಿ ಕಂಬಳಿ. ತನ್ನ ಕುರಿಯ ಉಣ್ಣೆಯದು. ರಾಜೇಸಾಬನಿಗೆ. ಅವನು ಅದನ್ನು ಮನೆಗೆ ಒಯ್ಯಬಾರದೇ? ಕುರ್ಚಿಯ ಬೆನ್ನಿಗೆ ಹಾಕಿದ. ಆ ಚಳಿಗಾಲ ಪೂರ್ತಿ ನಾನು ಗಿರಾಕಿಗಿಂತ ಹೆಚ್ಚಾಗಿ ಆ ಕಂಬಳಿಯನ್ನು ನೋಡಿದೆ. ನನ್ನ ಮನೆಯಲ್ಲಿ ಕಂಬಳಿಗೇನು ಕೊರತೆ ಇರಲಿಲ್ಲ. ಆದರೂ ಅದನ್ನು ಕಂಡಾಗಲೆಲ್ಲ ಎದೆಯಲ್ಲಿ ಕೆಂಡ ಇಟ್ಟಂತಾಗುತ್ತಿತ್ತು.

ಅವನದು ಬರೀ ಕೇಳುವ ವಿದ್ಯೆ, ನಾನೂ ಕೇಳಿದರಾಯಿತು ಎಂದುಕೊಂಡೆ. ಮರುವಾರ ಕುಂದಗೋಳ ಕಡೆಯವನೊಬ್ಬ, ಹೊಸ ಅಂಗಿ ತೊಟ್ಟವನು, ಬಂದು ನನ್ನ ಮುಂದೆ ಕೂತ. ರಾಜೇಸಾಬ ಕೇಳುವ ದನಿಯಲ್ಲೇ ದಿನಾ ಯಾರ ಕೂಡ ಮಾತಾಡುತ್ತೀರಿ ಎಂದು ಕೇಳಿದೆ. ಅವನು ಮುಖ ಕೆಂಪಗೆ ಮಾಡಿಕೊಂಡು, "ನಿನಗ್ಯಾಕ ಬೇಕಾಗೇತಿ ಅದು?" ಎಂದು ಎದ್ದ. ಎದ್ದವನು ಹೋದದ್ದು ರಾಜೇಸಾಬನ ಹತ್ತಿರ. ರಾಜೇಸಾಬ ಅದನ್ನೇ ಕೇಳಿದ. ಅವನು ನಿಶ್ಚಯವಾದ ಹುಡುಗಿಯ ಹೆಸರು, ಅವರಪ್ಪನ ಸ್ವಭಾವ, ಮದುವೆ ಮುಂದಕ್ಕೆ ಹೋದ ಕಾರಣ ಎಲ್ಲ ಹೇಳಿದ. ನಾನು ಕೇಳಿದಾಗ ಆ ಹುಡುಗಿ ಎಲ್ಲಿ ಹೋಗಿದ್ದಳೋ.

ಆಮೇಲೆ ಒಳ್ಳೆಯ ಕ್ಯಾಮೆರಾದ ಫೋನುಗಳು ಎಲ್ಲರ ಕೈಗೆಟಕುವ ಕಾಲ ಬಂತು. ನವಲಗುಂದದ ಜಮಖಾನೆ ನೇಯುವ ಹೆಣ್ಣುಮಕ್ಕಳು ಫೋಟೋ ತೆಗೆದು ದೂರದ ಊರಿನವರಿಗೆ ಕಳಿಸಿ ಮಾರುವುದನ್ನು ಕಲಿತರು. ಕೆಲವರು ನನ್ನ ಹತ್ತಿರ ಫೋನು ಕೊಂಡರು. ತರಬೇತಿಯಲ್ಲಿ ಹೇಳಿದ್ದನ್ನೇ ನಾನು ಅವರಿಗೆ ಹೇಳಿದೆ: ಮೆಗಾಪಿಕ್ಸೆಲ್ ಹೆಚ್ಚಿದ್ದಷ್ಟೂ ಫೋಟೋ ಚೆಂದ. ಸುಳ್ಳಲ್ಲ, ಫೋಟೋ ಚೆಂದವೇ ಬಂತು. ಜಮಖಾನೆಗಿಂತ ಚೆಂದ ಬಂತು. ಅವರ ಕಡುಗೆಂಪು ಆ ಫೋನಿನಲ್ಲಿ ಕೇಸರಿಯಂತೆ ಹೊಳೆಯಿತು. ತರಿಸಿಕೊಂಡವರು ಗಂಟು ಬಿಚ್ಚಿ, ನಾವು ಕೇಳಿದ ಬಣ್ಣ ಇದಲ್ಲ ಎಂದು ಹೊಳ್ಳಿ ಕಳಿಸಿದರು. ತಿಂಗಳುಗಟ್ಟಲೆ ಮಗ್ಗದ ಮುಂದೆ ಕೂತು ನೇಯ್ದದ್ದು.

ಅವರು ಬಂದು ಕೂತದ್ದು ಯಾರ ಮುಂದೆ ಅಂತ ಬೇರೆ ಹೇಳಬೇಕಾಗಿಲ್ಲ. ಅವನದೇ ಓಣಿಯವರು, ಅವನದೇ ಜನ, ಹೋಗದೆ ಇನ್ನೇನು ಎಂದು ನಾನು ಸಮಾಧಾನ ಮಾಡಿಕೊಂಡೆ. ರಾಜೇಸಾಬ ಒಂದು ಜಮಖಾನೆ ತರಿಸಿ ಅಂಗಡಿಯಲ್ಲೇ ಹಾಸಿದ. ಬಾಗಿಲಿಂದ ಬಿಸಿಲು ಬೀಳುವಂತೆ ಹಾಸಿದ್ದರಿಂದ ಅದರ ತುದಿ ನನ್ನ ಟೇಬಲ್ಲಿನ ಕಾಲಿಗೆ ಬಂದು ತಾಗಿತು. ಅಂಗಡಿಯಲ್ಲಿದ್ದ ಒಂದೊಂದೇ ಫೋನು ತೆಗೆದು ಫೋಟೋ ಹೊಡೆದು, ಫೋನನ್ನು ಜಮಖಾನೆಯ ಮೇಲೆಯೇ ಇಟ್ಟು, ಯಾವುದರ ಕೆಂಪು ಕೆಳಗಿನ ಕೆಂಪಿಗೆ ಕೂಡುತ್ತದೆ ನೋಡಿ ಎಂದು ಆ ಹೆಣ್ಣುಮಕ್ಕಳಿಗೇ ತೋರಿಸಿದ. ಅವರು ಆರಿಸಿದ್ದು ನಾನು ಎರಡು ವರ್ಷದಿಂದ ಯಾರಿಗೂ ಮಾರಲಾಗದೆ ಮೂಲೆಗಿಟ್ಟಿದ್ದ ಒಂದು ಸಾದಾ ಫೋನು. ಬಸ್ಸಿಗೆ ಕಾಯುವವರೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ನಾನು ಟೇಬಲ್ ಬಿಟ್ಟು ಹೊರಗೆ ಹೋಗಬೇಕೆಂದರೂ ಜಮಖಾನೆ ತುಳಿಯಬೇಕು. ಚಪ್ಪಲಿ ಕೈಲಿ ಹಿಡಿದು ದಾಟಿದೆ.

ಈ ನಡುವೆ ನನ್ನ ಬಾಯಿಪಾಠವೂ ಕೆಟ್ಟಿತು. ಮಾತು ಪುಕ್ಕಟೆ, ದಿನಕ್ಕಿಷ್ಟು ಡೇಟಾ ಎಂಬ ಕಾಲ ಬಂದು ಎಲ್ಲ ಕಂಪನಿಯ ಪ್ಲಾನುಗಳೂ ಅಣ್ಣತಮ್ಮಂದಿರ ಹಾಗೆ ಕಾಣತೊಡಗಿದವು. ನಂಬರ್ ಅದೇ ಇಟ್ಟುಕೊಂಡು ಕಂಪನಿ ಬದಲಿಸುವ ಸೌಕರ್ಯವೂ ಮೊದಲೇ ಬಂದಿದ್ದರಿಂದ ಒಂದು ಪ್ಲಾನು ತಪ್ಪಾದರೆ ಮುಳುಗುವಂಥದ್ದೇನೂ ಉಳಿಯಲಿಲ್ಲ. ನಾನು ಕಲಿತದ್ದಕ್ಕೆ ಬೆಲೆ ಹೋಯಿತು, ರಾಜೇಸಾಬ ಕೇಳುತ್ತಿದ್ದುದಕ್ಕೆ ಹೋಗಲಿಲ್ಲ. ಇದು ಯಾವ ನ್ಯಾಯ ಎಂದು ನಾನು ಸಾವಕಾರರನ್ನೇ ಕೇಳಿದೆ. ಒಟ್ಟು ಮಾರಾಟದಲ್ಲಿ ಎಷ್ಟೋ ತಿಂಗಳು ನಾನೇ ಮುಂದಿದ್ದೆ, ಕಂಪನಿಯ ಸಾಹೇಬರು ನನ್ನ ಬೆನ್ನು ತಟ್ಟಿದ್ದರು, ಅದನ್ನೂ ಹೇಳಿದೆ. ಸಾವಕಾರರು ಎಲೆ ಅಡಿಕೆ ಹಾಕಿಕೊಳ್ಳುತ್ತ ಹೇಳಿದರು: "ನಿನ್ನ ಗಿರಾಕಿ ಫೋನ್ ಒಯ್ತಾರ, ಹೋಗ್ತಾರ. ಅವನ ಗಿರಾಕಿ ಹೊಳ್ಳಿ ಬರ್ತಾರ, ಬರೂಮುಂದ ಮತ್ತೊಬ್ಬರನ್ನ ಕರಕೊಂಡು ಬರ್ತಾರ." ಅವತ್ತು ನಾನು ಊಟದ ಡಬ್ಬಿ ಬಿಚ್ಚಲಿಲ್ಲ. ರಾಜೇಸಾಬ ತನ್ನ ಡಬ್ಬಿ ನನ್ನ ಮುಂದೆ ಸರಿಸಿ, ಉಣ್ರಿ ಅಣ್ಣಾರ ಅಂದ. ಅವನ ಈ ಒಳ್ಳೆಯತನವಿದೆಯಲ್ಲ, ನನ್ನನ್ನು ಹೆಚ್ಚು ಸುಟ್ಟದ್ದು ಅದೇ. ಕೆಟ್ಟವನಾಗಿದ್ದರೆ ಬೈದು ಹಗುರಾಗುತ್ತಿದ್ದೆ.

ಕೆಲಸ ಬಿಡುವ ವರ್ಷ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ನನ್ನ ಹೆಂಡತಿ ಪಾರ್ವತಿಗೆ ಫೋನು ಕೊಟ್ಟವನು ನಾನೇ. ಅಂಗಡಿಗೆ ಬಂದ ಹೊಸ ಮಾಲಿನಲ್ಲಿ ಒಳ್ಳೆಯದನ್ನು ತೆಗೆದು, ಬೇಕಾದಷ್ಟು ಮಾತು, ಬೇಕಾದಷ್ಟು ಡೇಟಾದ ಪ್ಲಾನು ಹಾಕಿ ಕೊಟ್ಟಿದ್ದೆ. ಓಣಿಯಲ್ಲಿ ಯಾವ ಹೆಣ್ಣುಮಗಳ ಕೈಲೂ ಅಂಥ ಫೋನು ಇರಲಿಲ್ಲ. ಆದರೆ ನಾನು ಅಂಗಡಿಯಿಂದ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ, ಎತ್ತಿದರೆ ಹಲೋ ಹಲೋ ಎಂದು ಇಟ್ಟುಬಿಡುತ್ತಿದ್ದಳು. ದನಿ ಸಣ್ಣಗೆ ಬರುತ್ತದೆ ಎಂದು ಒಂದೆರಡು ಸಲ ಹೇಳಿದಳು. ಫೋನು ತೆಗೆದುಕೊಂಡು ಆವಾಜ್ ಪೂರ್ತಿ ಏರಿಸಿ, ಇಷ್ಟು ಒಳ್ಳೆಯ ಫೋನಿನಲ್ಲಿ ದನಿ ಹೇಗೆ ಸಣ್ಣಗೆ ಬರುತ್ತದೆ ಎಂದು ತಿರುಗಿ ಕೊಟ್ಟೆ. ಅಸಡ್ಡೆ ಎಂದುಕೊಂಡಿದ್ದೆ.

ಒಂದು ದಿನ ಸಂತೆಯ ಹೊತ್ತಿನಲ್ಲಿ ಕೈಚೀಲ ಹಿಡಿದು ಅವಳು ಅಂಗಡಿಯೊಳಗೆ ಬಂದಳು. ನನಗೆ ಏನೋ ಹೇಳಲು ಬಂದಳು ಎಂದು ಎದ್ದು ನಿಂತೆ. ಅವಳು ನನ್ನ ಟೇಬಲ್ ದಾಟಿ ಹೋಗಿ ರಾಜೇಸಾಬನ ಮುಂದಿನ ಬೆಂಚಿನ ತುದಿಗೆ, ಪಾಳಿಗೆ ಕೂತವರ ಪಕ್ಕದಲ್ಲಿ, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು. ನನ್ನ ಮುಂದೆ ಯಾರೂ ಇರಲಿಲ್ಲ. ಅಂಗಡಿಯಲ್ಲಿದ್ದವರಿಗೆಲ್ಲ ಅವಳು ನನ್ನ ಹೆಂಡತಿ ಎಂದು ಗೊತ್ತು. ಎಲ್ಲರೂ ಒಮ್ಮೆ ನನ್ನನ್ನು ನೋಡಿ, ಗೋಡೆಗೆ ಹಚ್ಚಿದ್ದ ಜಾಹೀರಾತುಗಳನ್ನು ಓದತೊಡಗಿದರು.

ರಾಜೇಸಾಬನಿಗೇ ಮುಜುಗರವಾಯಿತು. ಅಕ್ಕಾರ, ಅಣ್ಣಾರು ಅಲ್ಲೇ ಕೂತಾರಲ್ರಿ, ಅವರ ಕಡೆ ಹೋಗ್ರಿ ಅಂದ. ಅವಳು ಜಾಗ ಬಿಟ್ಟು ಕದಲಲಿಲ್ಲ. ನಾನೇ ಹತ್ತಿರ ಹೋಗಿ ಏನು ಬೇಕಾಗಿತ್ತು, ಇಲ್ಲಿ ಬಾ ಅಂದೆ.

"ನೀವು ಕೇಳಂಗಿಲ್ಲರಿ, ಹೇಳತೀರಿ. ನನ್ನ ಪಾಳಿ ಬರಲಿ, ನಾ ಇಲ್ಲೇ ಕುಂತಿರ್ತೀನಿ" ಅಂದಳು. ಜೋರಾಗಿ ಏನೂ ಅನ್ನಲಿಲ್ಲ.

ನಾನು ಹೋಗಿ ನನ್ನ ಕುರ್ಚಿಯಲ್ಲಿ ಕೂತೆ. ಅವಳ ಪಾಳಿ ಬಂತು. ರಾಜೇಸಾಬ ಏನೋ ಕೇಳಿದ, ಅವಳು ತಲೆ ತಗ್ಗಿಸಿ ಸಣ್ಣ ದನಿಯಲ್ಲಿ ಏನೋ ಹೇಳಿದಳು. ಹೊರಗೆ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ, ನನಗೆ ಒಂದಕ್ಷರ ಕೇಳಿಸಲಿಲ್ಲ. ಎಷ್ಟೋ ಹೊತ್ತು ಮಾತಾಡಿದರು. ಮನೆಯಲ್ಲಿ ನನ್ನ ಜೊತೆ ಅಷ್ಟು ಮಾತಾಡಿ ಎಷ್ಟು ಕಾಲವಾಗಿತ್ತೋ. ಆಮೇಲೆ ಅವನು ಒಂದೊಂದೇ ಫೋನು ಕೊಟ್ಟ, ಅವಳು ಒಂದೊಂದನ್ನೂ ಮೊದಲು ಈ ಕಿವಿಗೆ, ಆಮೇಲೆ ಆ ಕಿವಿಗೆ ಹಿಡಿದು ನೋಡಿದಳು. ಕುರಿಗಾರನ ಕಂಬಳಿಗೆ ಆದ ಹೊಟ್ಟೆಕಿಚ್ಚು ಇದರ ಮುಂದೆ ಏನೇನೂ ಅಲ್ಲ. ಗಿರಾಕಿಗಳು ಹೋಗಲಿ, ನನ್ನ ಮನೆಯವಳೂ ಅವನಿಗೇ ಹೋದಳಲ್ಲ ಎಂದು ಕೈಯಲ್ಲಿದ್ದ ಪೆನ್ನು ಮುರಿಯುವಷ್ಟು ಹಿಂಡಿದೆ. ಅವಳು ಒಂದು ಫೋನು ಆರಿಸಿ ಚೀಲಕ್ಕೆ ಹಾಕಿಕೊಂಡು, ಬರುವಾಗ ಕೊತ್ತಂಬರಿ ತನ್ನಿ ಎಂದು ನನಗೆ ಹೇಳಿ ಹೋದಳು.

ಸಂಜೆ ಮನೆಗೆ ಹೋದಾಗ ಅವಳು ಕಟ್ಟೆಯ ಮೇಲೆ ಚಹಾ ಇಟ್ಟುಕೊಂಡು ಕೂತಿದ್ದಳು. ಎಂದಿನಂತೆ ಗೋಡೆಯ ಕಡೆ, ಅವಳ ಎಡಕ್ಕೆ ನಾನು ಕೂತೆ. ಅಂಗಡಿಯಲ್ಲಿ ನನ್ನ ಮರ್ಯಾದೆ ಕಳೆದೆಯಲ್ಲ ಎಂದು ಶುರುಮಾಡಿದೆ. ಅವಳು ಬೀದಿ ನೋಡುತ್ತ ಚಹಾ ಕುಡಿಯುತ್ತಿದ್ದಳು. ಇನ್ನೊಂದು ಸಲ ಅಂದೆ. ಆಗ ಮುಖ ತಿರುಗಿಸಿ, "ಎಡಗಿವಿ ಕೇಳಂಗಿಲ್ಲರಿ ನನಗ. ಈ ಕಡೆ ಬಂದು ಮಾತಾಡ್ರಿ" ಅಂದಳು.

ಎಷ್ಟು ದಿನವಾಯಿತು ಎಂದು ಕೇಳಿದೆ. ಮೂರು ವರ್ಷವಾಯಿತು, ಮೊದಮೊದಲು ಮಂದ ಇತ್ತು, ಈಗ ಪೂರ್ತಿ ಹೋಗಿದೆ ಅಂದಳು. ರೊಟ್ಟಿ ತಟ್ಟುವಾಗ ಫೋನು ಎಡಗೈಯಲ್ಲೇ ಎತ್ತುವುದು, ಎಡಗಿವಿಗೇ ಹಿಡಿಯುವುದು ಅವಳ ರೂಢಿ. ಯಾವ ಕೈಲಿ ಹಿಡಿಯುತ್ತೀರಿ, ಯಾವ ಕಿವಿಗೆ ಹಿಡಿಯುತ್ತೀರಿ ಎಂದು ರಾಜೇಸಾಬ ಕೇಳಿದನಂತೆ. ಆವಾಜು ದೊಡ್ಡದಿರುವ ಫೋನು ಕೊಟ್ಟು, ರೊಟ್ಟಿ ತಟ್ಟುವಾಗ ಪಕ್ಕದ ಹಲಗೆಯ ಮೇಲಿಟ್ಟು ಸ್ಪೀಕರ್ ಹಾಕಿಕೊಳ್ಳಿ ಅಂದನಂತೆ. ಕಲಘಟಗಿಯ ತಂಗಿಗೆ ವಿಡಿಯೋ ಫೋನ್ ಮಾಡಿದರೆ ತುಟಿ ನೋಡಿಯೇ ಅರ್ಧ ತಿಳಿಯುತ್ತದೆ ಎಂದು ಅದಕ್ಕೆ ತಕ್ಕ ಪ್ಲಾನು ಹಾಕಿದನಂತೆ. ಮೊದಲು ಹುಬ್ಬಳ್ಳಿಗೆ ಹೋಗಿ ಕಿವಿ ತೋರಿಸಿರಿ ಎಂದೂ ಹೇಳಿದನಂತೆ.

"ನನಗ್ಯಾಕ ಹೇಳಲಿಲ್ಲ?" ಅಂದೆ.

"ನಿಮಗ ಹೇಳಿದ್ರ ಆವಾಜ್ ಏರಿಸಿ ಕೊಡ್ತಿದ್ರಿ" ಅಂದಳು.

ಮೂರು ವರ್ಷ. ಆ ಮೂರೂ ವರ್ಷ ನಾನು ದಿನಾ ಸಂಜೆ ಇದೇ ಕಟ್ಟೆಯ ಮೇಲೆ, ಇದೇ ಎಡಗಡೆ ಕೂತು, ಚಹಾ ಆರುವವರೆಗೆ ರಾಜೇಸಾಬನನ್ನು ಬೈದಿದ್ದೇನೆ. ಅವಳು ಒಂದು ದಿನವೂ ಎದುರು ಮಾತಾಡಿರಲಿಲ್ಲ. ಇವಳಿಗೂ ನನ್ನ ಮಾತು ಒಪ್ಪಿಗೆಯಿದೆ, ಜಗತ್ತಿನಲ್ಲಿ ನನ್ನ ಕಡೆ ಒಬ್ಬಳಾದರೂ ಇದ್ದಾಳೆ ಎಂದು ನೆಮ್ಮದಿಯಿಂದ ಮಲಗುತ್ತಿದ್ದೆ.

ಲೋಟ ಎತ್ತಿಕೊಂಡು ಎದ್ದು, ಅವಳ ಬಲಕ್ಕೆ ಹೋಗಿ ಕೂತೆ. ಅವಳು ಹೊಸ ಫೋನು ತೆಗೆದು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಒರೆಸಿದಳು.

"ಅಗದಿ ಚಲೋ ಆರಿಸಿ ಕೊಟ್ಟಾರ ನೋಡ್ರಿ ರಾಜೇಸಾಬಣ್ಣಾರು" ಅಂದಳು.

ನಾಲಿಗೆಯ ತುದಿಗೆ ಅದೇ ಹಳೆಯ ಬೈಗುಳ ಬಂದು ನಿಂತಿತು. ಆದರೆ ಈ ಕಡೆಯ ಕಿವಿ ಚೆನ್ನಾಗಿ ಕೇಳುತ್ತದೆ. ಬಾಯಿ ಮುಚ್ಚಿಕೊಂಡು ಚಹಾ ಕುಡಿದೆ.